ತೆರೆಯದ ಪಿಪಿಟಿ, ಶಿರಸಿಯ ಒಂದು ಪುಟ್ಟ ಅಂಗಡಿ
ಅಡಿಕೆಯ ಎಲೆಚುಕ್ಕಿ ರೋಗದ ಕುರಿತು ಸಿದ್ಧಪಡಿಸಿದ್ದ ಪ್ರೆಸೆಂಟೇಶನ್ ಸಭೆಯ ಹಿಂದಿನ ಸಂಜೆ ತೆರೆಯದೇ ಹೋದಾಗ, ಲ್ಯಾಪ್‌ಟಾಪನ್ನು ಶಿರಸಿಯ ಚಿಕ್ಕ ಕಂಪ್ಯೂಟರ್ ಅಂಗಡಿಯೊಂದಕ್ಕೆ ಒಯ್ದೆ. ಇದ್ದುದನ್ನೆಲ್ಲ ಅಳಿಸಿಬಿಡುವ ‘ಫಾರ್ಮ್ಯಾಟ್ ಮಾಡೋಣ’ ಎಂಬ ಮಾತಿಗೆ ಅಂಜಿದ್ದೆ, ಅದು ಬರಲಿಲ್ಲ. ಅಲ್ಲಿನ ಯುವಕರು ಮೊದಲು ಫೈಲಿನ ಒಂದು ನಕಲನ್ನು ತೆಗೆದಿಟ್ಟುಕೊಂಡು, ಇಮೇಲ್‌ನಲ್ಲಿ ಬಂದ ಫೈಲನ್ನು ವಿಂಡೋಸ್ ಕೆಲವೊಮ್ಮೆ ತಡೆಯುವುದುಂಟೆಂದು ಪ್ರಾಪರ್ಟೀಸ್‌ನಲ್ಲಿ ‘ಅನ್‌ಬ್ಲಾಕ್’ ಗುರುತು ಹಾಕಿ ನೋಡಿದರು. ಅದು ಫಲಿಸದಿದ್ದಾಗ, ಪವರ್‌ಪಾಯಿಂಟ್ 2007ರೊಂದಿಗೆ ಬಂದ ಪಿಪಿಟಿಎಕ್ಸ್ ಎಂಬ ಫೈಲ್ ಮಾದರಿ ವಾಸ್ತವವಾಗಿ ಹಲವು ಫೈಲುಗಳನ್ನು ಒಟ್ಟಿಗೆ ಕಟ್ಟಿಟ್ಟ ಜಿಪ್ ಗಂಟು ಎಂದು ವಿವರಿಸುತ್ತ, ಹೆಸರಿನ ಕೊನೆಯನ್ನು ‘ಜಿಪ್’ ಎಂದು ಬದಲಿಸಿ, ಒಳಗಿನ ಮೀಡಿಯಾ ಫೋಲ್ಡರಿನಿಂದ ನನ್ನ ತೋಟದ ಚಿತ್ರಗಳನ್ನೆಲ್ಲ ಹೊರತೆಗೆದರು. ಸ್ಲೈಡುಗಳ ಬರಹ ಪವರ್‌ಪಾಯಿಂಟ್‌ನಂಥದೇ ಉಚಿತ ತಂತ್ರಾಂಶವಾದ ಲಿಬ್ರೆಆಫೀಸ್ ಇಂಪ್ರೆಸ್‌ನಲ್ಲಿ ದೊರೆಯಿತು, ಸಾಲುಗಳು ತುಸು ಸರಿದಿದ್ದವು ಅಷ್ಟೇ. ಶುಲ್ಕ ನ್ಯಾಯವಾಗಿತ್ತು, ಆದರೆ ರಸೀದಿಯನ್ನು ಎರಡು ಬಾರಿ ಕೇಳಬೇಕಾಯಿತು.