ಸೆಕೆಂಡ್ ಹ್ಯಾಂಡ್ ಲೆನ್ಸ್ ತಗೊಳ್ಳೋಕೆ ಹೊರಟಿದ್ದೀರಾ? ಮೊದಲು ಟಾರ್ಚ್ ಹಾಕಿ ನೋಡಿ

ಹೇಳಿಕೊಳ್ಳೋಕೇ ನಾಚಿಕೆ ಆಗುತ್ತೆ. ಹತ್ತು ವರ್ಷದಿಂದ ಕ್ಯಾಮೆರಾ ಹಿಡಿದಿದ್ದೇನೆ. ಆದರೂ ₹6,500 ಕೊಟ್ಟು ಟೋಪಿ ಹಾಕಿಸಿಕೊಂಡು ಬಂದೆ.

ಮನೆಯವರೆಲ್ಲ ಹಂಪಿಗೆ ಹೊರಟಿದ್ದೆವು. ಅಮ್ಮ, ಇಬ್ಬರು ಮಕ್ಕಳು, ಚಕ್ಕುಲಿ ಡಬ್ಬಿ. ಇದರ ಮಧ್ಯೆ ದೊಡ್ಡ ಜೂಮ್ ಯಾರು ಹೊರ್ತಾರೆ ಅಂತ ಕ್ಯಾನನ್ 24 ಎಂಎಂ ಪ್ಯಾನ್‌ಕೇಕ್, ಅಂದ್ರೆ ಬಿಲ್ಲೆಯಂಥ ತೆಳ್ಳನೆ ಲೆನ್ಸ್, ಹುಡುಕಿದೆ. ಬರೀ 125 ಗ್ರಾಂ, ಜೇಬಲ್ಲಿ ಕೂರುತ್ತೆ. 40 ಎಂಎಂ ಕೂಡ ಅಷ್ಟೇ ಪುಟ್ಟದು, ಆದರೆ ನನ್ನ ಕ್ರಾಪ್ ಸೆನ್ಸರ್ (ಚಿಕ್ಕ ಸೆನ್ಸರ್) ಕ್ಯಾಮೆರಾಗೆ ಹಾಕಿದರೆ ನೋಟ ಕಿರಿದಾಗಿ 64 ಎಂಎಂ ಥರ ಆಗುತ್ತೆ. ಎಲ್ಲರೂ ಫ್ರೇಮಿಗೆ ಬರಬೇಕಂದ್ರೆ ಹಿಂದೆ ಹಿಂದೆ ಹೋಗಿ ತುಂಗಭದ್ರೆಗೇ ಬೀಳಬೇಕು. ಲೆನ್ಸ್ ಸರಿಯಾಗಿಯೇ ಆರಿಸಿದ್ದೆ. ಎಡವಿದ್ದು ಮಾರಿದ ಆಸಾಮಿಯಲ್ಲಿ.

ಆನ್‌ಲೈನ್ ಜಾಹೀರಾತು: "ಹೊಸದರ ಥರ ಇದೆ, ಒಂದು ಗೀರೂ ಇಲ್ಲ." ಜಯನಗರ ಮೆಟ್ರೋ ಸ್ಟೇಷನ್ ಕೆಳಗೆ ಭೇಟಿ. ಸಂಜೆ ಏಳೂವರೆ, ಹನಿ ಮಳೆ, ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಬೇರೆ ಹಿಡಿಯಬೇಕು. ಲೆನ್ಸ್ ಮುಂದೆ ಯುವಿ ಫಿಲ್ಟರ್, ಅಂದ್ರೆ ರಕ್ಷಣೆಯ ಗಾಜು, ಹಾಕಿಯೇ ಕೊಟ್ಟ. "ಫ್ರೀ ಸರ್, ಇಟ್ಕೊಳ್ಳಿ." ನಾನು ಥ್ಯಾಂಕ್ಸ್ ಬೇರೆ ಹೇಳಿದೆ! ಆಟೋಫೋಕಸ್ ನೋಡಿದೆ, ಎರಡು ಫೋಟೋ ತೆಗೆದೆ, ಸ್ಕ್ಯಾನ್ ಮಾಡಿ ದುಡ್ಡು ಕಳಿಸಿದೆ.

ಹೇಮಕೂಟದ ಮೇಲೆ ಸೂರ್ಯ ಮುಳುಗೋ ಹೊತ್ತು. ಮಕ್ಕಳನ್ನ ಬಂಡೆ ಮೇಲೆ ಕೂರಿಸಿ ಬೆಳಕಿಗೆ ಎದುರಾಗಿ ಹೊಡೆದೆ. ಎಲ್ಲ ಬೆಳ್ಳಗೆ, ಹಾಲು ಚೆಲ್ಲಿದ ಹಾಗೆ. ಅಮ್ಮ ಸ್ಕ್ರೀನ್ ನೋಡಿ, "ಪೊರೆ ಆಪರೇಷನ್ ಮುಂಚೆ ನಂಗೂ ಹೀಗೇ ಕಾಣ್ತಿತ್ತು ಕಣೋ" ಅಂದರು. ಲಾಡ್ಜಿಗೆ ಬಂದು ಫಿಲ್ಟರ್ ಬಿಚ್ಚಿ, ಹಿಂದಿನಿಂದ ಮೊಬೈಲ್ ಟಾರ್ಚ್ ಬಿಟ್ಟೆ. ಒಳಗಿನ ಗಾಜಿನ ಮೇಲೆ ಜೇಡರ ಬಲೆ ಥರ ಎಳೆ ಎಳೆ. ಫಂಗಸ್! ಅಂಗೈಯಲ್ಲಿ ಇಟ್ಕೊಂಡು ಸುಮ್ನೆ ಕೂತುಬಿಟ್ಟೆ.

ಮೆಸೇಜ್ ಮಾಡಿದೆ. ಮೊದಲ ಉತ್ತರ: "ಡಸ್ಟ್ ಸರ್, ಎಲ್ಲ ಲೆನ್ಸಲ್ಲೂ ಇರುತ್ತೆ." ಫೋಟೋ ಕಳಿಸಿದೆ. "ಹಂಪಿಯಲ್ಲಿ ಬಂದಿರಬೇಕು." ಒಂದೇ ದಿನಕ್ಕೆ ಫಂಗಸ್ ಬೆಳೆಯುತ್ತಾ, ಅದೂ ಹಂಪಿ ಬಿಸಿಲಲ್ಲಿ? ಕೊನೆಗೆ, "ನೀವೇ ಚೆಕ್ ಮಾಡಿ ತಗೊಂಡ್ರಲ್ಲ ಸರ್." ಆಮೇಲೆ ಬ್ಲಾಕ್. ಚೆಕ್ ಮಾಡಿದ್ದು ನಾನೇ, ಅದೇ ಜಾಸ್ತಿ ಉರಿಯೋದು.

ರಿಪೇರಿಯವರು ಬಿಚ್ಚಿ ಒರೆಸಿ ಕೊಡ್ತಾರಂತೆ. ಫಂಗಸ್ ಗಾಜಿನ ಮೇಲಿನ ಕೋಟಿಂಗ್ ತಿಂದುಬಿಟ್ಟಿದ್ದರೆ ಕಲೆ ಹೋಗಲ್ಲ ಅಂತ ಮೊದಲೇ ಹೇಳಿದ್ದಾರೆ.

ಫಿಲ್ಟರ್ ಬಿಚ್ಚಿಸಿ. ಎರಡೂ ಕಡೆಯಿಂದ ಟಾರ್ಚ್ ಬಿಡಿ. ಹಗಲಲ್ಲೇ ಹೋಗಿ, ರೈಲಿನ ದಿನವಂತೂ ಬೇಡವೇ ಬೇಡ. ನಿನ್ನೆ ತಂಗಿ ಫೋನಲ್ಲಿ ನೋಡಿದೆ, ಅದೇ ಆಸಾಮಿ 50 ಎಂಎಂ ಮಾರಾಟಕ್ಕಿಟ್ಟಿದ್ದಾನೆ. "ಒಂದು ಗೀರೂ ಇಲ್ಲ. ಯುವಿ ಫಿಲ್ಟರ್ ಫ್ರೀ."