ಹಾಸನದ ಡೆಕಾಲ್ ಅಂಗಡಿ: ಮುದ್ರಣ ಚೆನ್ನಾಗಿದೆ, ಲೋಗೋ ಕೇಳಿದರೆ ಪ್ರಶ್ನೆ ಜಾಸ್ತಿ

ಬಿ.ಎಂ. ರಸ್ತೆಯಿಂದ ಒಳಗೆ ತಿರುಗಿದರೆ ಸಿಗುವ ಈ ಅಂಗಡಿಯ ಮುಖ್ಯ ಕಸುಬು ಮದುವೆ ಕಾರ್ಡು, ವಿಸಿಟಿಂಗ್ ಕಾರ್ಡು, ಬೈಕಿನ ಸ್ಟಿಕರ್. ಒಳಗಡೆ ಒಂದು ಗಾಜಿನ ಕಪಾಟಿನಲ್ಲಿ ಮಾತ್ರ ಏರ್‌ಫಿಕ್ಸ್, ರೆವೆಲ್, ತಮಿಯಾ ಕಂಪನಿಗಳ ಮಾಡೆಲ್ ಕಿಟ್‌ಗಳ ಡಬ್ಬಿ ಜೋಡಿಸಿದ್ದಾರೆ. ಜೊತೆಗೆ ನಾವು ಕೊಟ್ಟ ಡಿಸೈನನ್ನು ನೀರಲ್ಲಿ ನೆನೆಸಿ ಅಂಟಿಸುವ ಡೆಕಾಲ್ ಹಾಳೆಯ ಮೇಲೆ ಮುದ್ರಿಸಿ ಕೊಡುತ್ತಾರೆ. ಮಾಡೆಲ್ ಕಟ್ಟುವ ನಮ್ಮಂಥವರಿಗೆ ಈ ಊರಲ್ಲಿ ಇಷ್ಟು ಸಿಕ್ಕರೆ ಹಬ್ಬ.

ನನಗೆ ಬೇಕಿದ್ದದ್ದು ಕೆಂಪು ಬಸ್ಸಿಗೆ. ಫೋಮ್ ಶೀಟಿನಲ್ಲಿ 1:32 ಅಳತೆಗೆ, ಅಂದರೆ ನಿಜವಾದ ಬಸ್ಸಿನ ಮೂವತ್ತೆರಡರಲ್ಲಿ ಒಂದು ಪಾಲಿಗೆ ಕಟ್ಟಿದ್ದು, ಉದ್ದ ಒಂದಡಿಗಿಂತ ಸ್ವಲ್ಪ ಜಾಸ್ತಿ. ಕೆ.ಎಸ್.ಆರ್.ಟಿ.ಸಿ. ರೀಜನಲ್ ವರ್ಕ್‌ಶಾಪ್ ಹಾಸನದಲ್ಲೇ ಇರುವುದರಿಂದ ಇಲ್ಲಿ ಬಸ್ಸಿನ ಹುಚ್ಚಿನವರಿಗೆ ಕೊರತೆ ಇಲ್ಲ. ನಮ್ಮ ಅಪ್ಪ ಅಲ್ಲೇ ಬಾಡಿ ಕೆಲಸ ಮಾಡಿ ರಿಟೈರ್ ಆದವರು. ನನ್ನ ಮಾಡೆಲ್ ಕೈಗೆತ್ತಿಕೊಂಡರೆ ಮೊದಲು ಹೇಳುವುದು, "ಕಿಟಕಿ ಸಾಲು ಸೊಟ್ಟ ಇದೆ ಕಣೋ."

ಮುದ್ರಣದ ವಿಷಯ ಮೊದಲು. ಪಾರದರ್ಶಕ ಹಾಳೆ, ಬಿಳಿ ಹಾಳೆ ಎರಡೂ ಇವೆ. ಯಾವುದು ಯಾವುದಕ್ಕೆ ಅನ್ನುವುದನ್ನು ಅಂಗಡಿಯವರೇ ವಿಚಾರಿಸುತ್ತಾರೆ, ಇದು ದೊಡ್ಡ ಗುಣ. ಸಾಮಾನ್ಯ ಪ್ರಿಂಟರಿಗೆ ಬಿಳಿ ಬಣ್ಣ ಬರುವುದಿಲ್ಲ. ಹಳದಿ ನಂಬರ್ ಪ್ಲೇಟನ್ನು ಪಾರದರ್ಶಕ ಹಾಳೆಯಲ್ಲಿ ತೆಗೆದು ಕೆಂಪು ಬಣ್ಣದ ಮೇಲೆ ಅಂಟಿಸಿದರೆ ಹಳದಿ ಸತ್ತು ಕೊಳಕು ಕಿತ್ತಳೆ ಆಗುತ್ತದೆ. ಹಾಗಾಗಿ ಕೆಎ-13 ಎಫ್ ಪ್ಲೇಟು, "ಹಾಸನ–ಬೇಲೂರು–ಚಿಕ್ಕಮಗಳೂರು" ಬೋರ್ಡು ಬಿಳಿ ಹಾಳೆಯಲ್ಲಿ, ಕಪ್ಪು ಅಕ್ಷರಗಳು ಪಾರದರ್ಶಕದಲ್ಲಿ ಬಂದವು. ಅಂಚಿಗೆ ಸರಿಯಾಗಿ ಕತ್ತರಿಸುವ ಕೆಲಸ ಮಾತ್ರ ನಮ್ಮದು. ಲೇಸರ್ ಪ್ರಿಂಟ್ ಆದ್ದರಿಂದ ನೀರಿಗೆ ಹಾಕಿದರೆ ಬಣ್ಣ ಬಿಡಲಿಲ್ಲ. ಸಾಲದ್ದಕ್ಕೆ ಒಂದು ಸಣ್ಣ ಬೋರ್ಡಿನಲ್ಲಿ "ಬೇಲೂರು" ಕೊಂಬು, ದೀರ್ಘದ ಸಮೇತ ಓದಲು ಬರುತ್ತದೆ. ಕೆಳಗೆ ಮೊದಲೇ ಹೊಳಪಿನ ವಾರ್ನಿಷ್ ಹೊಡೆದಿದ್ದರೆ ಅಂಚಲ್ಲಿ ಗಾಳಿ ಸಿಕ್ಕಿ ಬೆಳ್ಳಗೆ ಹೊಳೆಯುವ ತೊಂದರೆಯೂ ಇಲ್ಲ.

ಈಗ ಪ್ರಶ್ನೆಗಳ ವಿಷಯ. ಕೆ.ಎಸ್.ಆರ್.ಟಿ.ಸಿ.ಯ ಗಂಡಭೇರುಂಡದ ಲಾಂಛನ ಇರುವ ಫೈಲ್ ತೆರೆದ ತಕ್ಷಣ ಅಂಗಡಿಯವರು ಕೇಳಿದ್ದು: "ಸಾರ್, ಒಂದು ಬಸ್ಸಿಗೋ, ಮಾರೋಕೋ?" ಒಂದಕ್ಕೆ ಅಂದೆ. ಒಂದೇ ಸೆಟ್ ಹೊಡೆದು ಕೊಟ್ಟರು. ನನ್ನ ಹಿಂದೆ ನಿಂತಿದ್ದ ಹುಡುಗ ಆನ್‌ಲೈನಲ್ಲಿ ಮಾರಲು ಐವತ್ತು ಸೆಟ್ ಕೇಳಿದ. ಅವನಿಗೆ ಸಿಕ್ಕ ಉತ್ತರ, "ನಿಗಮದ ಅನುಮತಿ ಪತ್ರ ತಗೊಂಡು ಬಾರಪ್ಪ." ಹುಡುಗ ಮುಖ ಗಂಟಿಕ್ಕಿಕೊಂಡು ಹೋದ. ಈ ಕಾರಣಕ್ಕೇ ಅಂಗಡಿಗೆ ಒಂದು ಸ್ಟಾರ್ ಕೊಟ್ಟವರು ಇದ್ದಾರೆ. ನಾನು ಅವರ ಪಕ್ಷ ಅಲ್ಲ.

ಕೆ.ಎಸ್.ಆರ್.ಟಿ.ಸಿ. ಅನ್ನುವ ಐದಕ್ಷರಕ್ಕೆ ಕೇರಳದವರಿಗೂ ನಮ್ಮವರಿಗೂ ನಡೆದ ಜಗಳ ಸಣ್ಣದಲ್ಲ. ನಮ್ಮ ನಿಗಮ 2013ರಲ್ಲಿ ಟ್ರೇಡ್‌ಮಾರ್ಕ್ ನೋಂದಣಿ ಪಡೆಯಿತು, ಗಂಡಭೇರುಂಡದ ಕಲೆಗೆ ಕಾಪಿರೈಟ್ ಕೂಡ. ಕೇರಳ ತಕರಾರು ಎತ್ತಿತು. 2023ರ ಡಿಸೆಂಬರಿನಲ್ಲಿ ಮದ್ರಾಸ್ ಹೈಕೋರ್ಟ್ ಕೇರಳದ ಅರ್ಜಿ ವಜಾ ಮಾಡಿತು. ಇಷ್ಟು ವರ್ಷ ಹೋರಾಡಿ ಉಳಿಸಿಕೊಂಡ ಗುರುತನ್ನು ಐವತ್ತು ಸೆಟ್ ಮಾಡಿ ಮಾರುತ್ತೇನೆ ಅಂದರೆ ಕೇಳಬೇಕಾದವರನ್ನು ಕೇಳಬೇಕು ತಾನೆ? ನಮ್ಮ 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ 29ನೇ ಸೆಕ್ಷನ್ ಹಿಡಿಯುವುದು ವ್ಯಾಪಾರದಲ್ಲಿ ಮಾರ್ಕ್ ಬಳಸಿದವರನ್ನು. ನನ್ನ ಶೋಕೇಸಿನ ಬಸ್ಸು ವ್ಯಾಪಾರ ಅಲ್ಲ. ಆದರೆ ದುಡ್ಡು ತಗೊಂಡು ಮುದ್ರಿಸುವ ಅಂಗಡಿ ವ್ಯಾಪಾರವೇ. ಅವರ ಹೆದರಿಕೆ ನನಗೆ ಅರ್ಥ ಆಗುತ್ತದೆ.

ಹಾಗಂತ ಮಾಡೆಲ್ ಮೇಲೆ ಲೋಗೋ ಬಂದ ಕೂಡಲೇ ಕಳ್ಳತನ ಅನ್ನುವುದೂ ಸರಿಯಲ್ಲ. ಜರ್ಮನಿಯಲ್ಲಿ ಆಟೆಕ್ ಅನ್ನುವ ಕಂಪನಿ 1:24 ಅಳತೆಯ ಓಪೆಲ್ ಆಸ್ಟ್ರಾ ರಿಮೋಟ್ ಕಾರು ಮಾಡಿತು, ಮುಂದುಗಡೆ ಓಪೆಲ್ ಲೋಗೋ ಸಮೇತ. ಓಪೆಲ್ ಕೇಸು ಹಾಕಿತು. ಕೊಳ್ಳುವವನು ಆ ಲೋಗೋ ನೋಡಿ ಆಟಿಕೆ ಓಪೆಲ್ಲಿನಿಂದಲೇ ಬಂತು ಅಂದುಕೊಳ್ಳುತ್ತಾನೋ, ಇಲ್ಲ ನಿಜವಾದ ಕಾರಿನ ತದ್ರೂಪು ಅಂತಷ್ಟೇ ನೋಡುತ್ತಾನೋ? 2007ರಲ್ಲಿ ಯುರೋಪಿನ ನ್ಯಾಯಾಲಯ ತೂಗಲು ಹೇಳಿದ್ದು ಇದನ್ನೇ. 2010ರಲ್ಲಿ ಜರ್ಮನಿಯ ಕೋರ್ಟು ಆಟೆಕ್ ಕಡೆ ನಿಂತಿತು. ಅಮೆರಿಕದಲ್ಲಿ ಯೂನಿಯನ್ ಪೆಸಿಫಿಕ್ ರೈಲ್ವೆ ಮಾಡೆಲ್ ರೈಲು ಮಾಡುವವರಿಂದ ರಾಯಲ್ಟಿ ಕೇಳಲು ಹೋಗಿ ಕೇಸಿನ ಮೇಲೆ ಕೇಸಾಗಿ, 2006ರಲ್ಲಿ ಎಂ.ಟಿ.ಎಚ್. ಅನ್ನುವ ತಯಾರಕರ ಜೊತೆ ರಾಜಿ ಮಾಡಿಕೊಂಡು ಫೀಸು ಕೈಬಿಟ್ಟಿತು. ಅಲ್ಲಿಯ ತೀರ್ಪು ಇಲ್ಲಿ ನಡೆಯಬೇಕು ಅಂತೇನಿಲ್ಲ. ಎರಡೂ ಕಡೆಯ ವಾದ ಎಷ್ಟು ಸಮಸಮ ಅನ್ನುವುದಕ್ಕೆ ಹೇಳಿದೆ.

ಕಪಾಟಿನಲ್ಲಿರುವ ರೆವೆಲ್ ಬೋಯಿಂಗ್ ಡಬ್ಬಿಯ ಮೇಲೆ ಲೈಸೆನ್ಸ್ ಪಡೆದ ಗುರುತು ಇರುತ್ತದೆ, ಗಮನಿಸಿ. ಕೊಡುವ ಬೆಲೆಯಲ್ಲಿ ಅದರದ್ದೂ ಒಂದು ಪಾಲು ಸೇರಿರುತ್ತದೆ.

ಅಂಗಡಿಯವರ ಜೊತೆ ನನ್ನ ತಕರಾರು ಬೇರೆ ಕಡೆ ಇದೆ. ಸಿಗರೇಟ್ ಹೆಸರಿದ್ದ ಹಳೆಯ ರೇಸ್ ಕಾರಿನ ಅಕ್ಷರಗಳನ್ನು ಒಂದೇ ಒಂದು ಸೆಟ್ ಕೇಳಿದರೂ ಮುದ್ರಿಸಲ್ಲ ಅಂದರು. ಇಂಥ ಕಿಟ್‌ಗಳಲ್ಲಿ ಎಷ್ಟೋ ಸಲ ಆ ಹೆಸರು ಬಿಟ್ಟೇ ಬರುತ್ತದೆ. ಅದಕ್ಕೆ ಕಾರಣ ತಂಬಾಕು ಜಾಹೀರಾತಿನ ನಿಷೇಧ, ಟ್ರೇಡ್‌ಮಾರ್ಕ್ ಮಾತ್ರ ಅಲ್ಲ. ನಮ್ಮಲ್ಲೂ 2003ರ ಕಾಯ್ದೆ ಇದೆ. ಆದರೆ ನನ್ನ ಮನೆಯ ಕಪಾಟಿನಲ್ಲಿ ಕೂತ ಇಪ್ಪತ್ತು ಸೆಂಟಿಮೀಟರ್ ಕಾರು ಯಾರಿಗೆ ಜಾಹೀರಾತು? "ಸುಮ್ನೆ ಯಾಕೆ ಸಾರ್ ರಿಸ್ಕು" ಅಂದರು. ಮುಂದೆ ಮಾತಿಲ್ಲ. ಹುಡುಗನಿಗೆ ಹೇಳಿದ ಕಾರಣ ನ್ಯಾಯದ್ದು, ನನಗೆ ಹೇಳಿದ್ದು ಬರೀ ಅಂಜಿಕೆ.

ಇನ್ನುಳಿದದ್ದು ಸಣ್ಣಪುಟ್ಟದು. ಎ4 ಹಾಳೆಗೆ 300 ರೂಪಾಯಿ, ಬಿಳಿ ಹಾಳೆಗೆ 50 ಜಾಸ್ತಿ. ಅರ್ಧ ಹಾಳೆ ಕೊಡುವುದಿಲ್ಲ. ಹಾಗಾಗಿ ಖಾಲಿ ಜಾಗದಲ್ಲಿ ನಂಬರ್ ಪ್ಲೇಟು, ಟಿಕೆಟ್ ದರದ ಪಟ್ಟಿ, ಏನಾದರೂ ತುಂಬಿಸಿಕೊಂಡು ಹೋಗಿ. ಡೆಕಾಲ್ ಮೆತ್ತಗೆ ಮಾಡುವ ದ್ರಾವಣ ಅಲ್ಲಿ ಸಿಗಲ್ಲ, ಬೇರೆ ಕಡೆ ತರಿಸಿಕೊಳ್ಳಬೇಕು. ಫೈಲ್ ಪಿಡಿಎಫ್ ಆಗಿರಲಿ, ನಿಜವಾದ ಅಳತೆಯಲ್ಲೇ ಇರಲಿ. ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿದರೆ ಅಕ್ಷರದ ಅಂಚು ಒಡೆಯುತ್ತದೆ. ಮದುವೆ ಸೀಸನ್‌ನಲ್ಲಿ ಹೋದರೆ ಕಾರ್ಡಿನ ಕೆಲಸ ಮುಗಿಯುವ ತನಕ ನಿಮ್ಮ ಫೈಲ್ ಯಾರೂ ತೆರೆಯಲ್ಲ. ಐದಕ್ಕೆ ನಾಲ್ಕು ಕೊಡುತ್ತೇನೆ.