ಏಳು ವಾರ, ಏಳು ಬಗೆಯ ವಿಡಿಯೊ: ಸಾಫ್ಟ್‌ವೇರ್ ತೆರೆಸಿದ್ದು ಯಾವುದು?

ನನ್ನ ಬುಕ್‌ಮಾರ್ಕ್‌ಗಳಲ್ಲಿ 'ಸ್ಫೂರ್ತಿ' ಅಂತ ಒಂದು ಫೋಲ್ಡರ್ ಇದೆ. ಒಂದು ದಿನ ಸುಮ್ನೆ ಎಣಿಸಿದೆ. 340 ವಿಡಿಯೊ! ಅದೇ ಕೈಯಲ್ಲಿ ನನ್ನ ಸ್ವಂತ ಕೆಲಸದ ಫೋಲ್ಡರನ್ನೂ ತೆರೆದೆ. ಅಲ್ಲಿ ಕೊನೆಯ ಸಲ ಏನಾದರೂ ಸೇವ್ ಆಗಿದ್ದು ಹದಿನಾಲ್ಕು ತಿಂಗಳ ಹಿಂದೆ. ಇಷ್ಟೊಂದು ಸ್ಫೂರ್ತಿ ಕೂಡಿಟ್ಟುಕೊಂಡೂ ಕೆಲಸ ಆಗಿಲ್ಲ ಅಂದರೆ ಎಲ್ಲೋ ಲೆಕ್ಕ ತಪ್ಪಿದೆ, ಅಲ್ವಾ?

ನಾನು ಕಂಪಾಸಿಟರ್, ಅಂದರೆ ಬೇರೆ ಬೇರೆ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಸೇರಿಸಿ ಸಿನಿಮಾದ ಒಂದೇ ಶಾಟ್ ಮಾಡುವವನು. ಹಗಲಿಡೀ ಬೇರೆಯವರ ಶಾಟ್‌ಗಳಲ್ಲಿ ನಟರನ್ನು ಎತ್ತಿ ಹಿಡಿದ ವೈರ್ ಅಳಿಸುವುದು, ಹಸಿರು ಪರದೆ ತೆಗೆಯುವುದು, ಕೂದಲಿನ ಅಂಚು ಸರಿ ಮಾಡುವುದು. ಸಂಜೆ ದಣಿದು ಕೂತು ಚೆಂದದ ವಿಡಿಯೊ ನೋಡಿದರೆ ನಾನೂ ಏನೋ ಮಾಡಿದೆ ಅನ್ನುವ ಭ್ರಮೆ ಬರುತ್ತದೆ. ಅದಕ್ಕೇ ಒಂದು ಪರೀಕ್ಷೆ ಇಟ್ಟುಕೊಂಡೆ. ವಾರಕ್ಕೆ ಒಂದೇ ಬಗೆಯ ವಿಡಿಯೊ. ದಿನಕ್ಕೆ ಅರ್ಧ ಗಂಟೆ, ಜಾಸ್ತಿ ಇಲ್ಲ. ಆಮೇಲೆ ಏನು ಮಾಡಿದೆ ಅಂತ ನೋಟ್‌ಬುಕ್ಕಿನಲ್ಲಿ ಒಂದು ಸಾಲು. ವಿಡಿಯೊ ಎಷ್ಟು ಚೆನ್ನಾಗಿತ್ತು ಅನ್ನುವುದಕ್ಕೆ ಅಂಕ ಇಲ್ಲ. ನೋಡಿದ ಮೇಲೆ ಕೈ ಕೆಲಸಕ್ಕೆ ಹೋಯಿತಾ ಇಲ್ಲವಾ, ಅಷ್ಟೇ.

ಮೊದಲ ವಾರ ಬ್ರೇಕ್‌ಡೌನ್ ರೀಲ್‌ಗಳು, ಅಂದರೆ ಒಂದು ಶಾಟನ್ನು ಹೇಗೆ ಕಟ್ಟಿದರು ಅಂತ ಪದರ ಪದರವಾಗಿ ತೋರಿಸುವ ವಿಡಿಯೊಗಳು. ನಮ್ಮ ಕೆಲಸದವರು ಅತಿ ಹೆಚ್ಚು ನೋಡುವುದು ಇವನ್ನೇ. ಖಾಲಿ ಹಸಿರು ಕೋಣೆ, ಅದರ ಮೇಲೊಂದು ಗೆರೆ ಸರಿಯುತ್ತದೆ, ಹಿಂದೆಯೇ ಇಡೀ ನಗರ ಎದ್ದು ನಿಲ್ಲುತ್ತದೆ. ನೋಡಲು ಹಬ್ಬ. ಏಳು ದಿನದಲ್ಲಿ ನಾನು ಸಾಫ್ಟ್‌ವೇರ್ ತೆರೆದದ್ದು ಎಷ್ಟು ಸಲ ಗೊತ್ತಾ? ಒಂದೇ ಸಲ. ಅದೂ ಅಪ್‌ಡೇಟ್ ಹಾಕಲು.

ಯಾಕೆ ಹೀಗೆ ಅಂತ ಯೋಚಿಸಿದೆ. ರೀಲ್‌ನಲ್ಲಿ ಮೂವತ್ತು ಲೇಯರ್‌ಗಳು, ಅಂದರೆ ಪದರಗಳು, ಮೂರು ಸೆಕೆಂಡಿನಲ್ಲಿ ಒಂದರ ಮೇಲೊಂದು ಬಂದು ಕೂರುತ್ತವೆ. ನಿಜವಾದ ಶಾಟ್ ಹಾಗೆ ಹುಟ್ಟುವುದಿಲ್ಲ ಅಂತ ನಮಗೇ ಗೊತ್ತು. ತಿರಸ್ಕಾರವಾದ ವರ್ಷನ್‌ಗಳು, ಕ್ಯಾಮೆರಾದ ಚಲನೆಗೆ ಹೊಂದದ ಟ್ರ್ಯಾಕ್, ಕಂಪ್ಯೂಟರ್ ರಾತ್ರಿಯೆಲ್ಲ ಓಡಿ ಬೆಳಿಗ್ಗೆ ಹಾಳಾಗಿ ಕೊಟ್ಟ ಕೊನೆಯ ಚಿತ್ರ, ಅಂದರೆ ರೆಂಡರ್, ಇವು ಯಾವುವೂ ಅಲ್ಲಿಲ್ಲ. ಅಡುಗೆ ತೋರಿಸದೆ ಎಲೆ ತುಂಬಾ ಬಡಿಸಿಟ್ಟ ಹಾಗೆ. ಒಂದು ಉಪಯೋಗ ಮಾತ್ರ ಖಂಡಿತ ಇದೆ. ಸದ್ದು ಆರಿಸಿ, ಮೊದಲ ಪದರದಲ್ಲೇ ನಿಲ್ಲಿಸಿ, ಸೆಟ್ಟಿನಲ್ಲಿ ನಿಜವಾಗಿ ಏನಿತ್ತು ಅಂತ ನೋಡಬೇಕು. ನಟ ತುಳಿಯುವ ನೆಲ, ಕೈ ಇಡುವ ಕಂಬ, ಮುಖಕ್ಕೆ ಬೀಳುವ ಬೆಳಕು ನಿಜವಾಗಿದ್ದ ಶಾಟ್‌ಗಳೇ ಕೊನೆಯಲ್ಲೂ ನಂಬುವ ಹಾಗಿರುತ್ತವೆ. ಇದು ಕಲಿಕೆ. ಆದರೆ ಇದರಿಂದ ಕೈಗೆ ತುರಿಕೆ ಹತ್ತುವುದಿಲ್ಲ.

ಎರಡನೆಯದು ದೊಡ್ಡ ಸ್ಟುಡಿಯೊಗಳ ಕಿರುಚಿತ್ರಗಳು. ಇಲ್ಲಿ ನನಗೆ ಒಂದೇ ಸ್ಟುಡಿಯೊದ ಎರಡು ಚಿತ್ರಗಳ ನಡುವೆಯೇ ಜಗಳ ಹತ್ತಿತು. ಪಿಕ್ಸಾರ್‌ನ 'ಲಕ್ಸೊ ಜೂನಿಯರ್' 1986ರದ್ದು, ಎರಡು ನಿಮಿಷ. ಅದೇ ಪಿಕ್ಸಾರ್‌ನ 'ಪೈಪರ್' 2016ರದ್ದು, ಆರು ನಿಮಿಷದ ಆಸುಪಾಸು. ನಡುವೆ ಮೂವತ್ತು ವರ್ಷ. 'ಪೈಪರ್'ನಲ್ಲಿ ಒದ್ದೆ ಮರಳು, ಅಲೆಯ ನೊರೆ, ಮರಿಯ ಪುಕ್ಕ ನೋಡುತ್ತಾ ಬಾಯಿ ತೆರೆದುಕೊಂಡೇ ಕೂತಿದ್ದೆ. ಮುಗಿದ ಮೇಲೆ ಲ್ಯಾಪ್‌ಟಾಪ್ ಮುಚ್ಚಿ ಮಲಗಿದೆ. ಇಂಥದ್ದು ನನ್ನ ಕೈಲಿ ಆಗುವ ಮಾತಲ್ಲ ಅನ್ನಿಸಿಬಿಟ್ಟಿತ್ತು.

'ಲಕ್ಸೊ'ದಲ್ಲಿ ಇರುವುದು ಎರಡು ಟೇಬಲ್ ಲ್ಯಾಂಪು, ಒಂದು ಚೆಂಡು. ಕ್ಯಾಮೆರಾ ಅಲುಗುವುದಿಲ್ಲ. ಹಿನ್ನೆಲೆ ಅನ್ನುವುದು ಹೆಚ್ಚುಕಡಿಮೆ ಕತ್ತಲೆ. ಲ್ಯಾಂಪಿಗೆ ಕಣ್ಣಿಲ್ಲ, ಬಾಯಿಲ್ಲ. ಆದರೂ ಚೆಂಡು ಒಡೆದಾಗ ಚಿಕ್ಕ ಲ್ಯಾಂಪು ತಲೆ ತಗ್ಗಿಸುವುದನ್ನು ನೋಡಿದರೆ ಹೊಟ್ಟೆ ಚುರ್ರೆನ್ನುತ್ತದೆ. ಲ್ಯಾಂಪುಗಳು ಅಲ್ಲಿ ಪಾತ್ರವೂ ಹೌದು, ದೀಪವೂ ಹೌದು. ತಲೆ ತಿರುಗಿಸಿದ ಹಾಗೆಲ್ಲ ನೆರಳೂ ತಿರುಗುತ್ತದೆ. ಆ ಕಾಲಕ್ಕೆ ಅದೇ ದೊಡ್ಡ ಸಾಹಸ. ಅವತ್ತು ರಾತ್ರಿ ಒಂದು ಡಬ್ಬಕ್ಕೆ ಎರಡು ಕೀಲು ಕೂರಿಸಿ ಕುಣಿಸಿದೆ. ಕೆಟ್ಟದಾಗಿತ್ತು. ಆದರೆ ಹದಿನಾಲ್ಕು ತಿಂಗಳ ಮೇಲೆ ಮೊದಲ ಸಲ ಒಂದು ಫೈಲ್ ಸೇವ್ ಮಾಡಿದೆ.

ಇಂಥ ಸ್ಟುಡಿಯೊಗಳು ಕಿರುಚಿತ್ರವನ್ನು ಹೊಸ ಉಪಾಯ ಪರೀಕ್ಷಿಸುವ ಜಾಗವಾಗಿಯೂ ಬಳಸುತ್ತವೆ. 1997ರ 'ಗೆರೀಸ್ ಗೇಮ್'ನಲ್ಲಿ ಮುದುಕನ ಚರ್ಮ ಮತ್ತು ಬಟ್ಟೆಯ ಮಡಿಕೆಗಳದ್ದೇ ಪರೀಕ್ಷೆ. ಅದು ಗೊತ್ತಿದ್ದು ನೋಡಿದರೆ ಕಣ್ಣು ನೇರ ಕೋಟಿನ ತೋಳಿಗೆ ಹೋಗುತ್ತದೆ. ಕಥೆ ತಪ್ಪಿಹೋಗುತ್ತದೆ. ನನಗಂತೂ ಎರಡನೇ ಸಲ ನೋಡಬೇಕಾಯಿತು.

ಮೂರನೇ ವಾರ ಇದಕ್ಕೆ ನೇರ ಎದುರಾಳಿ, ಬ್ಲೆಂಡರ್ ಅನ್ನುವ ಉಚಿತ 3ಡಿ ಸಾಫ್ಟ್‌ವೇರಿನವರ ಓಪನ್ ಮೂವಿಗಳು. ಕಣ್ಣಿಗೆ ಹಬ್ಬ ಬೇಕಾದರೆ ಸ್ಟುಡಿಯೊದವರೇ ಮುಂದೆ, ಅದರಲ್ಲಿ ಅನುಮಾನ ಇಲ್ಲ. ಆದರೆ ಇಲ್ಲಿ ಚಿತ್ರದ ಜೊತೆ ಫೈಲುಗಳೂ ಸಿಗುತ್ತವೆ. 2012ರ 'ಟಿಯರ್ಸ್ ಆಫ್ ಸ್ಟೀಲ್' ನಮ್ಮಂಥವರಿಗೆ ಅಂತಲೇ ಮಾಡಿದ ಹಾಗಿದೆ. ನಿಜವಾದ ನಟರು, ಹಸಿರು ಪರದೆ, ಟ್ರ್ಯಾಕಿಂಗ್, ರೋಬಾಟು, ಆಮ್‌ಸ್ಟರ್‌ಡ್ಯಾಂ ನಗರ. ನಿರ್ದೇಶಕ ಇಯನ್ ಹ್ಯೂಬರ್ಟ್. ಕಥೆ ನನಗೆ ಅಷ್ಟಕ್ಕಷ್ಟೇ. ಮಾತುಗಳು ಇನ್ನೂ ಸ್ವಲ್ಪ ಕಡಿಮೆ ಇರಬಹುದಿತ್ತು. ಆದರೆ ಕ್ಯಾಮೆರಾದಿಂದ ಬಂದ ಮೂಲ ಫ್ರೇಮ್‌ಗಳನ್ನೇ ಎಲ್ಲರಿಗೂ ಬಿಟ್ಟಿದ್ದಾರೆ!

ಒಂದು ಶಾಟಿನ ಪ್ಲೇಟ್, ಅಂದರೆ ಮೂಲ ಚಿತ್ರಣ, ಇಳಿಸಿಕೊಂಡು ನಾನೇ ಕೀ ತೆಗೆದೆ, ಅಂದರೆ ಹಸಿರು ಪರದೆಯಿಂದ ನಟರನ್ನು ಬಿಡಿಸಿದೆ. ಮೂರು ಸಂಜೆ ಹಿಡಿಯಿತು. ಮುಗಿಸಿ ಚಿತ್ರದ ಅದೇ ಫ್ರೇಮನ್ನು ಪಕ್ಕದಲ್ಲಿಟ್ಟು ನೋಡಿದೆ. ನನ್ನದರಲ್ಲಿ ಕೂದಲಿನ ಅಂಚು ಹೆಚ್ಚು ಚೊಕ್ಕಟವಾಗಿತ್ತು. ಆದರೆ ಅವರದು ಹಿನ್ನೆಲೆಯೊಳಗೆ ಕೂತಿತ್ತು, ನನ್ನದು ಕತ್ತರಿಸಿ ಅಂಟಿಸಿದ ಹಾಗಿತ್ತು. ಹಿನ್ನೆಲೆಯ ಬೆಳಕನ್ನು ಅಂಚಿನ ಮೇಲೆ ಸ್ವಲ್ಪ ಹರಿಯಬಿಡಬೇಕಿತ್ತು, ನಾನು ಬಿಟ್ಟಿರಲಿಲ್ಲ. ವರ್ಷಗಟ್ಟಲೆ ಮಾಡಿದ ಕೆಲಸವನ್ನೇ ಮತ್ತೆ ಕಲಿತ ಹಾಗಾಯಿತು. ಯಾವ ಬ್ರೇಕ್‌ಡೌನ್ ರೀಲೂ ಇದನ್ನು ಕಲಿಸುವುದಿಲ್ಲ, ಅಲ್ಲಿ ನನ್ನ ಕೆಲಸವನ್ನು ಪಕ್ಕದಲ್ಲಿಡಲು ಜಾಗವೇ ಇಲ್ಲವಲ್ಲ. ಆ ವಾರ ಏಳರಲ್ಲಿ ಐದು ದಿನ ಕೆಲಸ ಮಾಡಿದೆ.

ಒಂದು ಎಚ್ಚರಿಕೆ. ಹಳೆಯ ಫೈಲುಗಳು ಹೊಸ ಬ್ಲೆಂಡರ್‌ನಲ್ಲಿ ಸರಿಯಾಗಿ ತೆರೆದುಕೊಳ್ಳುತ್ತವೆ ಅಂತ ನಂಬಬೇಡಿ. 2010ರ 'ಸಿಂಟೆಲ್' ಬ್ಲೆಂಡರ್‌ನ ಹಳೆಯ ಇಂಟರ್ನಲ್ ರೆಂಡರರ್‌ಗೆ (ಕೊನೆಯ ಚಿತ್ರ ತಯಾರಿಸುವ ಭಾಗ) ಕಟ್ಟಿದ ಚಿತ್ರ. 2019ರ 2.80 ಆವೃತ್ತಿಯಲ್ಲಿ ಆ ರೆಂಡರರನ್ನೇ ತೆಗೆದುಹಾಕಿದರು. ಹೊಸದರಲ್ಲಿ ತೆರೆದರೆ ಮೈಬಣ್ಣ, ಬಟ್ಟೆ ಎಲ್ಲ ಬೋಳು. ಹಳೆಯ ಆವೃತ್ತಿಯನ್ನು ಪಕ್ಕದಲ್ಲಿ ಇಟ್ಟುಕೊಳ್ಳಿ, ಇಲ್ಲವೇ 2019ರ 'ಸ್ಪ್ರಿಂಗ್'ನಿಂದ ಈಚಿನವನ್ನು ಹಿಡಿಯಿರಿ.

ಇದೇ ಹ್ಯೂಬರ್ಟ್ ಒಂದೊಂದು ನಿಮಿಷದ ಪಾಠಗಳನ್ನೂ ಮಾಡುತ್ತಾರೆ, 'ಲೇಜಿ ಟ್ಯುಟೋರಿಯಲ್ಸ್' ಅಂತ. ಅಂಥ ಚುಟುಕು ಪಾಠಗಳದ್ದು ಒಂದು ವಾರ. ಕಟ್ಟಡದ ಫೋಟೊ ತಗೋ, ಅದರ ಮೇಲೇ ಗೆರೆ ಕೊಯ್ದು ಕಿಟಕಿಗಳನ್ನು ಒಳಕ್ಕೆ ತಳ್ಳು, ಮುಗೀತು ಕಟ್ಟಡ. ನಗು ಬರುತ್ತದೆ, ಕೈಯೂ ಓಡುತ್ತದೆ. ದಿನಕ್ಕೆ ಒಂದು ನೋಡಿದಾಗ ಚೆನ್ನಾಗಿ ಕೆಲಸ ಆಯಿತು. ಶನಿವಾರ ಅರ್ಧ ಗಂಟೆ ಪೂರ್ತಿ ಇಪ್ಪತ್ತೈದು ಪಾಠ ನೋಡಿದೆ, ಭಾನುವಾರಕ್ಕೆ ಒಂದೂ ನೆನಪಿರಲಿಲ್ಲ. ಮೊಬೈಲಿನಲ್ಲಿ ಒಂದರ ಹಿಂದೊಂದು ಮುಗಿಯದೆ ಬರುವ ಚುಟುಕು ವಿಡಿಯೊಗಳ ಬಗ್ಗೆ ಬೇರೆ ಹೇಳುವುದೇ ಬೇಡ. ಅದು ಇದೇ ಶನಿವಾರ, ದಿನಾ.

ಒಬ್ಬರೇ, ಇಲ್ಲವೇ ನಾಲ್ಕೈದು ಜನ ಸೇರಿ ಮಾಡಿದ ಚಿತ್ರಗಳ ಮೇಲೆ ನನಗೆ ತುಂಬಾ ಆಸೆ ಇತ್ತು. ಉರುಗ್ವೆಯ ಫೆಡೆ ಆಲ್ವಾರೆಜ್ 2009ರಲ್ಲಿ ಯೂಟ್ಯೂಬ್‌ಗೆ ಹಾಕಿದ 'ಅಟಾಕೆ ದೆ ಪಾನಿಕೊ' ಗೊತ್ತಿರಬಹುದು. ದೈತ್ಯ ರೋಬಾಟುಗಳು ಮೊಂಟೆವಿಡಿಯೊ ನಗರದ ಮೇಲೆ ಬೀಳುವ ಐದು ನಿಮಿಷ. ಖರ್ಚು ಸುಮಾರು 300 ಡಾಲರ್ ಅಂತ ಹೆಸರಾಯಿತು, ಅದರ ಬೆನ್ನಿಗೇ ಹಾಲಿವುಡ್ ಕರೆಯಿತು. ನೀಲ್ ಬ್ಲೊಮ್‌ಕ್ಯಾಂಪ್ ಅವರ ಕಿರುಚಿತ್ರ 2009ರ 'ಡಿಸ್ಟ್ರಿಕ್ಟ್ 9' ಆಗಿ ಬೆಳೆದದ್ದೂ ಹೀಗೇ. ಈ ಕಥೆಗಳು ಮಜವಾಗಿವೆ. ತೊಂದರೆ ಏನೆಂದರೆ ನಾನು ಚಿತ್ರ ನೋಡುವುದು ಬಿಟ್ಟು ಕಥೆಯನ್ನೇ ಕನಸು ಕಾಣತೊಡಗಿದೆ. ನನಗೂ ಕರೆ ಬರುತ್ತದೆ, ಆಗ ಏನು ಹೇಳಬೇಕು ಅಂತೆಲ್ಲ. ಎರಡು ಸಂಜೆ ಹಾಗೇ ಹೋಯಿತು!

ಮೂರನೇ ಸಂಜೆ ಫ್ರೇಮ್ ಫ್ರೇಮ್ ಆಗಿ ಸರಿಸಿದೆ. ಯೂಟ್ಯೂಬ್‌ನಲ್ಲಿ ವಿಡಿಯೊ ನಿಲ್ಲಿಸಿ ಕೀಬೋರ್ಡಿನ ಅಲ್ಪವಿರಾಮ, ಪೂರ್ಣವಿರಾಮದ ಕೀಲಿ ಒತ್ತಿದರೆ ಒಂದೊಂದೇ ಫ್ರೇಮ್ ಹಿಂದೆ ಮುಂದೆ ಹೋಗುತ್ತದೆ. ಆಗ ಜಾಣತನ ಕಾಣಿಸಿತು. ಕೈಯಲ್ಲಿ ಹಿಡಿದ ಕ್ಯಾಮೆರಾದ ನಡುಕ, ಹೊಗೆ, ದೂಳು, ದೂರದಲ್ಲಿ ನಿಂತ ರೋಬಾಟು. ಕಷ್ಟವಾದ ಜಾಗಗಳನ್ನೆಲ್ಲ ಏನಾದರೊಂದು ಮುಚ್ಚುತ್ತದೆ. ಇದು ಬಡತನದ ಜಾಣತನ, ನನಗೆ ಬೇಕಾದದ್ದೂ ಅದೇ.

ಇದಕ್ಕೆ ತದ್ವಿರುದ್ಧ ಅದೇ 2009ರ 'ದ ಥರ್ಡ್ ಅಂಡ್ ದ ಸೆವೆಂತ್'. ಅಲೆಕ್ಸ್ ರೋಮನ್ ಒಬ್ಬರೇ ಮಾಡಿದ ಹನ್ನೆರಡು ನಿಮಿಷ. ಓಡುವವರಿಲ್ಲ, ಸಿಡಿಯುವುದಿಲ್ಲ. ಕಟ್ಟಡಗಳು, ಅವುಗಳೊಳಗೆ ಬರುವ ಬಿಸಿಲು, ದೂಳಿನ ಕಣ. ಎಲ್ಲ ಕಂಪ್ಯೂಟರಿನದ್ದೇ. ಏನನ್ನೂ ಮುಚ್ಚುವುದಿಲ್ಲ, ಕಣ್ಣು ನಿಲ್ಲಿಸಿ ನೋಡಲು ಬಿಡುತ್ತದೆ. ರೋಬಾಟುಗಳಿಗಿಂತ ಇದೇ ನನ್ನನ್ನು ಹೆಚ್ಚು ಕಾಡಿತು. ಅದನ್ನು ನೋಡಿದ ಮರುದಿನ ಬೆಳಿಗ್ಗೆ ಗೋಡೆಯ ಮೇಲೆ ಬಿದ್ದ ಬಿಸಿಲನ್ನು ಹತ್ತು ನಿಮಿಷ ನೋಡುತ್ತಾ ನಿಂತಿದ್ದೆ. ಕೆಲಸಕ್ಕೆ ತಡವಾಯಿತು. ನೋಟ್‌ಬುಕ್ಕಿನಲ್ಲಿ ಇದನ್ನು ಎಲ್ಲಿ ಬರೆಯುವುದು ಅಂತ ತಿಳಿಯದೆ 'ಅರ್ಧ' ಅಂತ ಬರೆದೆ.

ಆರನೇ ವಾರದ್ದು ಕಲೆಯ ವಿಡಿಯೊಗಳೇ ಅಲ್ಲ. ನಿಧಾನಗತಿಯಲ್ಲಿ ಹಿಡಿದ ನಿಜವಾದ ಹೊಗೆ, ನೀರು, ಬೆಂಕಿ. ಹೊಗೆ, ನೀರಿನ ಚಲನೆಯನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿಸುವ ಸಿಮ್ಯುಲೇಶನ್ (ನಮ್ಮ ಬಾಯಲ್ಲಿ ಸಿಮ್) ಮಾಡುವ ಗೆಳೆಯನೊಬ್ಬ, "ಬೇರೆಯವರ ಸಿಮ್ ನೋಡಿ ಸಿಮ್ ಮಾಡಿದರೆ ಜೆರಾಕ್ಸಿನ ಜೆರಾಕ್ಸ್ ಆಗುತ್ತದೆ ಕಣೋ" ಅಂದಿದ್ದ. ಮಾತು ನಿಜ. ಸಿಮ್‌ಗಳಲ್ಲಿ ಹೊಗೆ ಎಲ್ಲ ಕಡೆ ಒಂದೇ ಸಮ ಸುರುಳಿ ಸುತ್ತುತ್ತದೆ. ನಿಜವಾದ ಹೊಗೆ ಒಂದು ಕಡೆ ಸೋಮಾರಿ, ಇನ್ನೊಂದು ಕಡೆ ಚುರುಕು.

ಗಾತ್ರದ ಗುಟ್ಟು ನನಗೆ ಬಿಡಿಸಿಕೊಂಡದ್ದೂ ಇದೇ ವಾರ. ಹಿಂದೆ ಮಿನಿಯೇಚರ್, ಅಂದರೆ ಪುಟ್ಟ ಮಾದರಿಗಳನ್ನು ಕ್ಯಾಮೆರಾದಲ್ಲಿ ಹಿಡಿಯುವಾಗ ಒಂದು ಲೆಕ್ಕ ಇತ್ತು. ಮಾದರಿ ಎಷ್ಟು ಪಟ್ಟು ಚಿಕ್ಕದೋ ಅದರ ವರ್ಗಮೂಲದಷ್ಟು ಪಟ್ಟು ಕ್ಯಾಮೆರಾ ವೇಗ ಹೆಚ್ಚಬೇಕು. ಕಟ್ಟಡ ಹದಿನಾರು ಪಟ್ಟು ಚಿಕ್ಕದಾದರೆ ಸೆಕೆಂಡಿಗೆ 24ರ ಬದಲು 96 ಫ್ರೇಮ್. ಅದನ್ನು ಮತ್ತೆ 24ರಲ್ಲೇ ತೋರಿಸಿದರೆ ಚಲನೆ ನಿಧಾನವಾಗುತ್ತದೆ. ದೊಡ್ಡದು ಬೀಳಲು ಹೊತ್ತು ಹಿಡಿಯುತ್ತದೆ, ಚಿಕ್ಕದನ್ನು ನಿಧಾನ ಮಾಡಿದರೆ ದೊಡ್ಡದಾಗಿ ಕಾಣುತ್ತದೆ. ನೀರು ಮಾತ್ರ ಮೋಸ ಹೋಗುವುದಿಲ್ಲ. ಹನಿ ತನ್ನ ಗಾತ್ರವನ್ನು ಬಿಟ್ಟುಕೊಡುವುದಿಲ್ಲವಾದ್ದರಿಂದ ಆಟಿಕೆ ಹಡಗು ಹನಿಯ ದೆಸೆಯಿಂದಲೇ ಸಿಕ್ಕಿಬೀಳುತ್ತದೆ. ಇದನ್ನು ತಿಳಿದ ಮೇಲೆ ನನ್ನ ಒಂದು ಹಳೆಯ ಸ್ಫೋಟದ ಶಾಟ್ ತೆರೆದು, ಹೊಗೆಯನ್ನು ಅರ್ಧ ವೇಗಕ್ಕೆ ಇಳಿಸಿದೆ. ಬೇರೇನೂ ಮುಟ್ಟಲಿಲ್ಲ. ಪಟಾಕಿ ಹೋಗಿ ಬಾಂಬ್ ಆಯಿತು. ಎಫೆಕ್ಟ್ಸ್ ಮಾಡುವವರಿಗೆ ನಾನು ಮೊದಲು ಹೇಳುವುದು ಇದನ್ನೇ, ಉಳಿದದ್ದೆಲ್ಲ ಆಮೇಲೆ. ನೋಡುವಾಗ ಒಂದು ಗಮನ ಇರಲಿ. ಆನ್‌ಲೈನ್ ವಿಡಿಯೊದಲ್ಲಿ ಕತ್ತಲೆಯ ಭಾಗ ಪಟ್ಟೆಪಟ್ಟೆಯಾಗಿ ಕಂಡರೆ ಅದು ಹೊಗೆಯ ಗುಣವಲ್ಲ, ಫೈಲ್ ಚಿಕ್ಕದು ಮಾಡುವ ಕಂಪ್ರೆಶನ್‌ನ ಕಿತಾಪತಿ.

ಕೊನೆಯ ವಾರ ಹಳೆಯ ಕೈಕೆಲಸದ ಅನಿಮೇಶನ್. ಪಟ್ಟಿ ತುಂಬಲಿ ಅಂತ ಸೇರಿಸಿದ್ದೆ, ಹೆಚ್ಚೇನೂ ಎಣಿಸಿರಲಿಲ್ಲ. ನಾರ್ಮನ್ ಮೆಕ್‌ಲಾರೆನ್ ಅವರ 1952ರ 'ನೇಬರ್ಸ್' ಕೆನಡಾದ ನ್ಯಾಷನಲ್ ಫಿಲ್ಮ್ ಬೋರ್ಡ್‌ನದ್ದು, ಆಸ್ಕರ್ ಪಡೆದ ಚಿತ್ರ. ಒಂದು ಹೂವಿಗಾಗಿ ಇಬ್ಬರು ನೆರೆಯವರ ಜಗಳ. ಇಲ್ಲಿ ಬೊಂಬೆಗಳ ಬದಲು ಜೀವಂತ ಮನುಷ್ಯರನ್ನೇ ಒಂದೊಂದು ಫ್ರೇಮಿಗೆ ಸರಿಸಿ ಹಿಡಿದಿದ್ದಾರೆ. ಒಂದು ಕಡೆ ಮನುಷ್ಯ ಹುಲ್ಲಿನ ಮೇಲೆ ತೇಲುತ್ತಾನೆ. ವೈರ್ ಎಲ್ಲಿ ಅಂತ ನನ್ನ ಕಣ್ಣು ಅಭ್ಯಾಸಬಲದಿಂದ ಹುಡುಕಿತು. ವೈರೇ ಇಲ್ಲ! ನಟ ಹಾರಿದ್ದಾನೆ, ಮೇಲೆ ಇದ್ದ ಕ್ಷಣಕ್ಕೆ ಒಂದು ಫ್ರೇಮ್ ತೆಗೆದಿದ್ದಾರೆ. ಮತ್ತೆ ಹಾರಿದ್ದಾನೆ, ಮತ್ತೊಂದು ಫ್ರೇಮ್. ಅಳಿಸಬೇಕಾದದ್ದನ್ನೆಲ್ಲ ಫ್ರೇಮುಗಳ ನಡುವೆಯೇ ಬಚ್ಚಿಟ್ಟಿದ್ದಾರೆ. ದಿನವಿಡೀ ವೈರ್ ಅಳಿಸುವವನಿಗೆ ಇದು ಕೆನ್ನೆಗೆ ಹೊಡೆದ ಹಾಗಿತ್ತು.

ಅದರ ಜೊತೆ ಪೆಸ್ ಅನ್ನುವ ಅನಿಮೇಶನ್ ನಿರ್ದೇಶಕರ 2012ರ 'ಫ್ರೆಶ್ ಗ್ವಾಕಮೋಲೆ' ನೋಡಿದೆ, ಎರಡು ನಿಮಿಷಕ್ಕೂ ಕಡಿಮೆ. ಕೈಬಾಂಬನ್ನು ಹಣ್ಣಿನ ಹಾಗೆ ಸೀಳುತ್ತಾರೆ, ಬೇಸ್‌ಬಾಲನ್ನು ಹೆಚ್ಚಿದರೆ ದಾಳಗಳಾಗಿ ಉದುರುತ್ತವೆ. ಒಂದು ವಸ್ತು ಇನ್ನೊಂದಾಗುವ ಫ್ರೇಮನ್ನು ಹತ್ತು ಸಲ ಹಿಂದೆ ಮುಂದೆ ಸರಿಸಿದೆ. ಸದ್ದು ಮತ್ತು ಚಾಕುವಿನ ಚಲನೆ ಸೇರಿ ಕಣ್ಣನ್ನು ಅತ್ತ ಸೆಳೆಯುತ್ತವೆ, ಇತ್ತ ವಸ್ತು ಬದಲಾಗಿರುತ್ತದೆ.

ಏಳರಲ್ಲಿ ಏಳೂ ದಿನ ಕೆಲಸ ಮಾಡಿದ ವಾರ ಇದೊಂದೇ. ಕೆಲಸ ಅಂದರೆ ಸಾಫ್ಟ್‌ವೇರ್ ಕೂಡ ಅಲ್ಲ ಮೊದಲಿಗೆ. ಫೋನನ್ನು ಪುಸ್ತಕಗಳ ನಡುವೆ ಸಿಕ್ಕಿಸಿ, ಮೇಜಿನ ಮೇಲೆ ಒಂದು ಮರದ ತುಂಡು ನಡೆಯುವ ಹಾಗೆ ಫೋಟೊ ತೆಗೆದೆ. ನಾಲ್ಕು ಸೆಕೆಂಡಿಗೆ 96 ಫ್ರೇಮ್, ಒಂದು ಫೋಟೊವನ್ನು ಎರಡು ಫ್ರೇಮ್ ನಿಲ್ಲಿಸಿದರೆ 48 ಫೋಟೊ ಸಾಕು. ಆಮೇಲೆ ಅದನ್ನು ಕಂಪಾಸಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಕೂರಿಸಿ ತುಂಡಿಗೆ ಎರಡು ಕೊಂಬು ಹಚ್ಚಿದೆ.

ಬುಕ್‌ಮಾರ್ಕ್ ಫೋಲ್ಡರಿನಲ್ಲಿ ಈಗ ಹನ್ನೊಂದು ವಿಡಿಯೊ ಉಳಿದಿವೆ. ಬ್ರೇಕ್‌ಡೌನ್ ರೀಲ್ ಒಂದೂ ಇಲ್ಲ. 'ಪೈಪರ್' ಇದೆ, ಅಳಿಸಲು ಮನಸ್ಸು ಬರಲಿಲ್ಲ. ಮರದ ತುಂಡಿನ ಶಾಟ್ ಮಾತ್ರ ಇನ್ನೂ ಮುಗಿದಿಲ್ಲ. 31ನೇ ಫೋಟೊದಲ್ಲಿ ನನ್ನ ಹೆಬ್ಬೆರಳಿನ ನೆರಳು ಬಿದ್ದಿದೆ. ಇವತ್ತು ರಾತ್ರಿ ಅದನ್ನು ಅಳಿಸಬೇಕು.